ಕಸ್ತೂರಿಯಮ್ಮನ ಸಂಬಳ

ಅಮ್ಮಾ,

ನೀನು ಹೋಗಿ ಎರಡು ವರ್ಷ, ನನ್ನ ಮದುವೆಯಾಗಿ ಇಪ್ಪತ್ತಮೂರು ದಿನ. ಶಿವಕಿರಣ್ ಎಷ್ಟು ಒಳ್ಳೆಯವನು, ಟಿ. ನಗರದ ಈ ಮನೆ ಎಷ್ಟು ಚೆಂದ ಎಂದು ಹೇಳಿಕೊಳ್ಳೋಣವೆಂದರೆ ನೀನೊಬ್ಬಳೇ ನೆನಪಾಗುತ್ತೀಯ.

ಇವತ್ತು ನಾದಿನಿಯ ಮಗುವನ್ನು ನೋಡಿಕೊಳ್ಳಲು ಪಲ್ಲಾವರಂನಿಂದ ಕಸ್ತೂರಿಯಮ್ಮ ಎಂಬವರು ಬಂದಿದ್ದರು. ಇಪ್ಪತ್ತು ವರ್ಷದ ಅನುಭವ. ಮಗುವನ್ನು ಎತ್ತಿಕೊಳ್ಳುವ ಮೊದಲು ಬಳೆ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು, ಥೇಟ್ ಕೆಲಸದ ಮನೆಯ ಮಕ್ಕಳನ್ನು ಎತ್ತಿಕೊಳ್ಳುವಾಗ ನೀನು ಮಾಡುತ್ತಿದ್ದ ಹಾಗೆ. ಇಪ್ಪತ್ತೆರಡು ಸಾವಿರ ಕೇಳಿದರು.

“ಮಗು ಆಡಿಸೋಕೆ ಅಷ್ಟಾ? ಹದಿನೈದು ಪೋದುಂ, ಸಾಕು,” ಎಂದರು ಅತ್ತೆ.

ನನಗೆ ಎಲ್ಲಿಂದ ಧೈರ್ಯ ಬಂತೋ. ಹತ್ತು ಗಂಟೆಯ ಕೆಲಸ, ಎರಡು ಬಸ್ಸು, ಮಗುವಿಗೆ ಜ್ವರ ಬಂದರೆ ಉಳಿಯಬೇಕಾದ ರಾತ್ರಿಗಳು, ಎಲ್ಲ ಹೇಳಿದೆ. “ಹಲ್ಲು ಬರೋ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಅಂತ ಇವರಿಗೆ ಗೊತ್ತು ಅತ್ತೆ. ನಮಗೆ ಯಾರಿಗೂ ಗೊತ್ತಿಲ್ಲ,” ಎಂದೆ. ಕೊನೆಗೆ ಕೇಳಿದಷ್ಟೇ ಕೊಡಲು ಒಪ್ಪಿದರು, ಭಾನುವಾರದ ರಜೆಯ ಸಮೇತ.

“ಪರವಾಗಿಲ್ವೇ, ಇದೆಲ್ಲ ನಿನಗೆ ಹೇಗಮ್ಮ ಗೊತ್ತು?” ಅತ್ತೆ ಮೆಚ್ಚಿಕೊಂಡೇ ಕೇಳಿದರು.

ನಿನ್ನ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಇವರ ಲೆಕ್ಕದಲ್ಲಿ ನೀನು ಆಫೀಸಿನಲ್ಲಿದ್ದವಳು. ನನ್ನ ಸ್ಕೂಲಿನಲ್ಲೂ ಹಾಗೇ ಹೇಳಿದ್ದೆನಲ್ಲ.

“ನೆಟ್‌ನಲ್ಲಿ ಓದಿದ್ದೆ, ಅತ್ತೆ.”

ಎಲ್ಲರೂ ನಂಬಿದರು. ಕಸ್ತೂರಿಯಮ್ಮ ಮಾತ್ರ ಸೆರಗಿನ ಗಂಟು ಬಿಚ್ಚಿ ಬಳೆ ತೊಡುತ್ತಾ ನನ್ನನ್ನೇ ನೋಡಿದರು.

ನಾಳೆಯಿಂದ ಅವರು ದಿನವೂ ಬರುತ್ತಾರೆ, ಅಮ್ಮಾ.