ಮೇಪಲ್ ತುಂಡಿನ ಮೇಲಿನ ಗುರುತು

ಹಾರ್ಲನ್ಸ್ ಮಿಲ್, ಮಿಸೌರಿ
ಭಾನುವಾರ, ಮಾರ್ಚ್ ೯, ೨೦೨೫

ಪ್ರೀತಿಯ ಶೆಲ್ಬಿ,

ನಿನ್ನ ಪಾದ ಹೇಗಿದೆ? ಹಿಮ್ಮಡಿಯ ಬೊಬ್ಬೆ ಒಡೆದಿದೆ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಲು ನಿಮ್ಮ ಸಾರ್ಜೆಂಟ್ ಬಿಟ್ಟರೆ ಹಾಕಿಕೋ. ಊಟಕ್ಕೆ ಹತ್ತು ನಿಮಿಷವೂ ಕೊಡುವುದಿಲ್ಲ ಎಂಬುದನ್ನು ಓದಿ ನಿನ್ನ ಅಮ್ಮ ನಕ್ಕಳು. ಎರಡು ಪ್ಯಾನ್‌ಕೇಕಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದವಳು ನೀನು. ತರಬೇತಿಯಲ್ಲಿ ಆರು ವಾರ ಮುಗಿಯಿತು, ಇನ್ನು ನಾಲ್ಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಳು ದಿನಕ್ಕೊಂದು ಅಡ್ಡಗೆರೆ ಎಳೆಯುತ್ತಿದ್ದಾಳೆ. ಆಸ್ಪತ್ರೆಯಲ್ಲಿದ್ದ ಮೂರು ದಿನಗಳ ಗೆರೆಗಳನ್ನು ಮನೆಗೆ ಬಂದ ಮೇಲೆ ಒಟ್ಟಿಗೆ ಎಳೆದಳು. ಅವು ಉಳಿದವುಗಳಿಗಿಂತ ಸ್ವಲ್ಪ ವಾಲಿವೆ.

ಅವಳ ಪತ್ರ ನಿನಗೆ ಈಗಾಗಲೇ ತಲುಪಿರಬೇಕು. ಅದರಲ್ಲಿ ಬರೆದಿರುವುದು ಬಹುಮಟ್ಟಿಗೆ ನಿಜ. ಈಗ ಅವಳು ಚೆನ್ನಾಗಿದ್ದಾಳೆ, ಇದನ್ನು ಮೊದಲು ನಂಬು. ನನ್ನ ಎದುರಿಗೇ ಕುಳಿತು ಟೋಸ್ಟಿನ ಅಂಚುಗಳನ್ನು ಕಿತ್ತು ಮೇಜಿನ ಕೆಳಗೆ ನಾಯಿಗೆ ಕೊಡುತ್ತಿದ್ದಾಳೆ, ನಾನು ನೋಡುತ್ತಿಲ್ಲ ಎಂದುಕೊಂಡು. ಮೂತ್ರಪಿಂಡದ ಪರೀಕ್ಷೆಯ ಅಂಕಿಗಳು ಹಿಂದಿನ ಮಟ್ಟಕ್ಕೆ ಬಂದಿವೆ. ತೂಕ ಇಳಿಸುವ ಆ ಚುಚ್ಚುಮದ್ದನ್ನು ವೈದ್ಯರು ಸದ್ಯಕ್ಕೆ ನಿಲ್ಲಿಸಿದ್ದಾರೆ.

ಅವಳ ಪತ್ರ ಎಂದಿನಂತೆ ಎರಡೇ ಸಾಲಿನಲ್ಲಿ ಮುಗಿದಿರುತ್ತದೆ, ಆದ್ದರಿಂದ ನಡೆದದ್ದನ್ನು ನಾನು ಮೊದಲಿನಿಂದ ಹೇಳುತ್ತೇನೆ. ಫೆಬ್ರವರಿಯ ಮೂರನೆಯ ವಾರ ಹೊಸ ಶೀಶೆ ಬಂತು. ಕಾರ್ಖಾನೆಯಲ್ಲೇ ಅಳತೆ ತುಂಬಿ ಬರುವ ಚುಚ್ಚುಮದ್ದಿನ ಪೆನ್ನನ್ನು ವಿಮೆಯವರು ಈ ಸಲವೂ ಒಪ್ಪಲಿಲ್ಲ. ಹಾಗಾಗಿ ಅದೇ ಕ್ಲಿನಿಕ್ಕಿನಿಂದ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಪಕ್ಕದ್ದರಿಂದ, ಅವರು ಬೇರೆಡೆ ಬೆರೆಸಿ ತರಿಸುವ ಮದ್ದನ್ನೇ ತಂದೆವು. ಈ ಸಲ ನೀರು ಗುಲಾಬಿ ಬಣ್ಣಕ್ಕಿತ್ತು, ಚೆರ್ರಿ ಮರಕ್ಕೆ ಮೊದಲ ಸಲ ತೆಳ್ಳಗೆ ಬಣ್ಣ ಬಳಿದ ಹಾಗೆ. ಅಮ್ಮ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಆ ಹುಡುಗಿ ತುಂಬಾ ಮರ್ಯಾದೆಯಿಂದ, ವಿಟಮಿನ್ ಬೆರೆಸಿದ್ದಾರೆ, ಅದಕ್ಕೇ ಬಣ್ಣ ಎಂದಳು. "ಮದ್ದು ಅದೇ ಮೇಡಂ, ಫಾರ್ಮಸಿ ಮಾತ್ರ ಬೇರೆ. ಶೀಶೆ ಮೇಲಿನ ಚೀಟೀಲಿ ಎಲ್ಲಾ ಬರ್ದಿದೆ." ನಿಜ, ಎಲ್ಲ ಬರೆದಿತ್ತು. ನಾವು ಬಣ್ಣವನ್ನು ವಿಚಾರಿಸಿದೆವು, ಉತ್ತರ ಸಿಕ್ಕಿತು, ಅಲ್ಲಿಗೆ ನಮ್ಮ ಎಚ್ಚರಿಕೆ ಮುಗಿಯಿತು. ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಇನ್ನೊಂದು ವಿಷಯವೂ ಇತ್ತು: ಅಷ್ಟೇ ನೀರಿನಲ್ಲಿ ಮದ್ದು ಎರಡರಷ್ಟು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಸಿರಿಂಜು ಹಳೆಯ ಗುರುತಿನವರೆಗೇ ತುಂಬಿತು. ಸೋಮವಾರ ಇಡೀ ದಿನ ವಾಂತಿ. ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲಲಿಲ್ಲ, ಆದರೂ ಸಕ್ಕರೆ ಇಳಿಸುವ ಮಾತ್ರೆಯನ್ನು ಅವಳು ಬಿಡದೆ ನುಂಗಿದ್ದಳು. ಅವಳ ಶಿಸ್ತು ನಿನಗೆ ಗೊತ್ತು. ಮಂಗಳವಾರ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ಸಕ್ಕರೆ ತೀರಾ ಇಳಿದು ತಲೆ ಮಂಕಾಗಿ, ನನ್ನನ್ನು ತನ್ನ ಅಣ್ಣನ ಹೆಸರಿನಿಂದ ಕರೆದು, ದನಗಳಿಗೆ ನೀರು ಹಾಕಿದೆಯಾ ಎಂದು ಕೇಳಿದಳು. ನಾನು ಹಾಕಿದೆ ಎಂದೆ. ಮೂವತ್ತು ವರ್ಷದ ಹಿಂದೆ ಸತ್ತ ಆ ದನಗಳಿಗೆ ನೀರು ಹಾಕಿದೆ ಎಂದು ಹೇಳುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲಿ ನನಗೆ ಏನೂ ಅನಿಸಲಿಲ್ಲ. ಅದು ಧೈರ್ಯವಲ್ಲ ಎಂದು ಈಗ ಗೊತ್ತಾಗುತ್ತಿದೆ.

ಮರುದಿನ ಆಸ್ಪತ್ರೆಯ ಫಾರ್ಮಸಿಸ್ಟ್ ಬಂದರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಇಳಿಬಿಟ್ಟುಕೊಂಡಿದ್ದ ಹಿರಿಯ ಹೆಂಗಸು. ಹಳೆಯ ಶೀಶೆ, ಹೊಸ ಶೀಶೆ, ಸಿರಿಂಜು ಎಲ್ಲವನ್ನೂ ತರಲು ಹೇಳಿದ್ದರು. ನಾನು ಆ ಮೇಪಲ್ ಮರದ ತುಂಡನ್ನೂ ತೆಗೆದುಕೊಂಡು ಹೋಗಿದ್ದೆ. ಗೋಡೆಗೆ ಒಂದೇ ಸಲ ಟೇಪು ಹಿಡಿದು, ಎಲ್ಲ ಅಳತೆಯನ್ನೂ ಕೋಲಿನ ಮೇಲೆ ಗುರುತು ಮಾಡಿಕೊಂಡು, ಆಮೇಲೆ ಅಂಕಿಯ ಗೊಡವೆಗೇ ಹೋಗದೆ ಅಲಮಾರಿ ಕಟ್ಟುವವನು ನಾನು. ನೀನು ಹೊರಡುವ ಮುಂಚಿನ ಭಾನುವಾರ, ನೀನು ತುಂಬಿಸಿಟ್ಟ ಸಿರಿಂಜನ್ನು ಮರದ ಮೇಲಿಟ್ಟು ಅದು ಕೂರುವ ಹಾಗೆ ತೋಡು ಕೊರೆದು, ಎಳೆಯುವ ಹಿಡಿಕೆ ಎಲ್ಲಿಯವರೆಗೆ ಬರಬೇಕೋ ಅಲ್ಲಿ ಅದು ತಡೆದು ನಿಲ್ಲುವಂತೆ ಕಚ್ಚು ಮಾಡಿದ್ದೆನಲ್ಲ, ಅದೇ ತುಂಡು. "ಇದಕ್ಕೂ ಒಂದು ಬೀರು ಮಾಡ್ಬಿಡು ಅಪ್ಪಾ" ಎಂದು ನೀನು ಅಣಕಿಸಿದ್ದೆ. ಫಾರ್ಮಸಿಸ್ಟ್ ಅದನ್ನು ಬೆರಳಿನಿಂದ ಸವರಿ ನೋಡಿದರು. "ಎಷ್ಟು ಚೆನ್ನಾಗಿ ಮಾಡಿದೀರಿ," ಎಂದರು. ಆಮೇಲೆ ಎರಡು ಶೀಶೆಗಳನ್ನು ಅಕ್ಕಪಕ್ಕ ಇಟ್ಟರು. "ಇದು ನೀರು ಅಳೆಯುತ್ತೆ. ಮದ್ದು ಅಳೆಯಲ್ಲ." ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಈಚೆಗೆ ಹೀಗೆ ಅಳತೆ ತಪ್ಪಿದವರು ತಿಂಗಳಿಗೆ ಒಬ್ಬಿಬ್ಬರಾದರೂ ಬರುತ್ತಾರಂತೆ. ಅಳೆದದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ನಿನ್ನ ಅಮ್ಮ, "ನಾನೇ," ಎಂದಳು.

ಈಗ ಮೇಜಿನ ಮೇಲೆ ರಾಜ್ಯದ ಔಷಧ ಮಂಡಳಿಗೆ ಕಳಿಸಬೇಕಾದ ದೂರಿನ ಅರ್ಜಿ ಇದೆ. ಯಾವ ಶೀಶೆ, ಯಾವ ದಿನ, ಅಳತೆ ಬದಲಾದದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೇ, ಎಲ್ಲವನ್ನೂ ಕೇಳುತ್ತಾರೆ. ಯಾರೂ ಹೇಳಲಿಲ್ಲ, ಹಾಗೆಂದೇ ಬರೆದಿದ್ದೇನೆ. ಒಂಬತ್ತನೆಯ ಸಾಲಿನಲ್ಲಿ, ಮದ್ದು ಅಳೆದವರ ಹೆಸರು. ಅಲ್ಲಿ ನಿನ್ನ ಅಮ್ಮ ಪೆನ್ಸಿಲಿನಿಂದ ಗ್ಲೆಂಡಾ ಎಂದು ತನ್ನ ಹೆಸರು ಬರೆದಿಟ್ಟು ಒಂದು ವಾರವಾಯಿತು. ನಾನು ಅರ್ಜಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಾ ಇದ್ದೇನೆ. ಊಟದ ಹೊತ್ತಿಗೆ ಅದು ಉಪ್ಪಿನ ಡಬ್ಬಿಯ ಕೆಳಗೆ ಹೋಗುತ್ತದೆ, ಆಮೇಲೆ ಮತ್ತೆ ಹೊರಗೆ ಬರುತ್ತದೆ.

ಬೇರೆ ಸುದ್ದಿ ಹೆಚ್ಚಿಲ್ಲ. ಚರ್ಚಿನವರು ಓವನ್ನಿನಲ್ಲಿ ಬೇಯಿಸಿದ ಕ್ಯಾಸರೋಲ್ ಊಟ ಎಷ್ಟು ತಂದುಕೊಟ್ಟಿದ್ದಾರೆಂದರೆ ಫ್ರೀಜರಿನ ಬಾಗಿಲು ಹಾಕಲು ಮೊಣಕಾಲು ಬೇಕು. ಎಲ್ಲದರ ಮೇಲೂ ಚೀಸ್. ತೂಕ ಇಳಿಸಲು ಹೋಗಿ ಮಲಗಿದವಳಿಗೆ ತರುವ ಊಟವೇ ಇದು ಎಂದು ಅವಳು ನಗುತ್ತಾಳೆ, ಆಮೇಲೆ ಎರಡು ಚಮಚ ತಿನ್ನುತ್ತಾಳೆ. ನಿನ್ನ ಕೋಣೆಯ ಕಿಟಕಿಯ ಚೌಕಟ್ಟು ಬದಲಾಯಿಸಿದೆ.

ನಿನ್ನ ಕಾಲು ಬೇಗ ವಾಸಿಯಾಗಲಿ, ನಿದ್ದೆ ಚೆನ್ನಾಗಿ ಬರಲಿ. ಅಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗಿ ಅಳುವ ಹುಡುಗಿಗೂ ನಮ್ಮ ಹಾರೈಕೆ ಹೇಳು. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ರಾಯ್ಸ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು. ಅಳೆದವಳು ಅಮ್ಮನಲ್ಲ, ನಾನು. ಏಳು ತಿಂಗಳು ಪ್ರತಿ ಭಾನುವಾರ ನೀನು ಮಾಡಿದ ಕೆಲಸವನ್ನು ನನ್ನ ಕೈಗೆ ಕೊಟ್ಟು ಹೋಗುವಾಗ ಒಂದೇ ಮಾತು ಹೇಳಿದ್ದೆ: "ಶೀಶೆ ಬದಲಾದ್ರೆ ಚೀಟಿ ಓದು ಅಪ್ಪಾ." ನಾನು ಓದಲಿಲ್ಲ. ಕನ್ನಡಕ ಟ್ರಕ್ಕಿನಲ್ಲಿತ್ತು, ಆ ಮೇಪಲ್ ತುಂಡು ಕೈಯಲ್ಲಿತ್ತು. ನಿನ್ನ ಗುರುತು ಆ ಹಳೆಯ ಶೀಶೆಗೆ ಸರಿಯಾಗಿಯೇ ಇತ್ತು. ಇದರಲ್ಲಿ ನಿನ್ನ ತಪ್ಪು ಕೂದಲಷ್ಟೂ ಇಲ್ಲ. ಅಳೆದದ್ದು ನಾನು ಅಂತ ಗೊತ್ತಾದರೆ ಆ ಕೆಲಸ ನೋಡಿಕೊಳ್ಳಲು ನೀನು ಎಲ್ಲ ಬಿಟ್ಟು ಓಡಿ ಬರುತ್ತೀಯ ಎಂದು ಅವಳು ತನ್ನ ಮೇಲೆ ಹಾಕಿಕೊಂಡಳು. ಬರಬೇಡ. ಈಗಷ್ಟೇ ಒಂಬತ್ತನೆಯ ಸಾಲನ್ನು ಅಳಿಸಿ ಶಾಯಿಯಲ್ಲಿ ನನ್ನ ಹೆಸರು ಬರೆದೆ. ಅವಳು ನೋಡಿದಳು. ಸಕ್ಕರೆ ನೋಡುವ ಯಂತ್ರವನ್ನು ನನ್ನ ಮುಂದೆ ತಳ್ಳಿ ಬೆರಳು ಚಾಚಿದಳು. ಟ್ರಕ್ಕಿಗೆ ಹೋಗಿ ಕನ್ನಡಕ ತಂದೆ. ನೂರ ಹದಿನೆಂಟು. "ಇನ್ನೊಂದ್ಸಲ ಓದು," ಅಂದಳು. ಓದಿದೆ.