ಎಡಕ್ಕೆ ತಿರುಗುವ ಸುರುಳಿ

ಜಯಶೀಲಾ,

ನೀನು ತೀರಿಕೊಂಡ ಮೇಲಾದರೂ ಕೊತ್ತತ್ತಿಯಲ್ಲಿ ನನ್ನ ಅಂಗಳವೇ ಚೆಂದ ಅನ್ನಿಸಿಕೊಳ್ಳುತ್ತದೆ ಅಂದುಕೊಂಡಿದ್ದೆ. ಹೋದ ವಾರ ಅಂಗಳಕ್ಕೆ ಸಿಮೆಂಟು ಹಾಕಿಸಿದೆ. ಸುತ್ತ ಹಳೇ ಡಬ್ಬಗಳಲ್ಲಿ ಸೇವಂತಿಗೆ ಇಟ್ಟೆ. ದಿನಾ ಬಗ್ಗಿ ರಂಗೋಲಿ ಬಿಡುವುದು ಯಾಕೆಂದು ಮಂಡ್ಯದಿಂದ ಬಿಳಿ ಪೇಂಟು ತಂದು, ಮೊನ್ನೆ ನಡುವೆ ದೊಡ್ಡದೊಂದು ಹೂವು ಬರೆದೆ. ನೀನು ಯಾವತ್ತೂ ಬಿಡದಂಥ ಹೂವು, ನನ್ನದೇ.

ಇವತ್ತು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆ ಮಲ್ಲಿಗಮ್ಮ ನಿಂತು ನೋಡಿದರು.

"ಅಯ್ಯೋ, ಇದು ನಮ್ ಜಯಸೀಲನ ಕೈ ಕಣಮ್ಮ! ಎಸಳಿನ ತುದೀನ ಹಿಂಗೆ ಎಡಕ್ಕೆ ಸುತ್ತೋದು ಇನ್ಯಾರು? ಅವ್ಳೇ ಬಂದು ಬುಟ್ಟೋದಂಗದೆ."

ಬಗ್ಗಿ ನೋಡಿದೆ. ಒಂದೊಂದು ಎಸಳಿನ ತುದಿಯಲ್ಲೂ ನಿನ್ನ ಸುರುಳಿ. ಸತ್ತ ಮೇಲೂ ಬಿಡುವುದಿಲ್ಲವಲ್ಲೇ ನೀನು! ಪಕ್ಕದಲ್ಲಿ ಕೂತು ಕದ್ದು ನೋಡುತ್ತಿದ್ದ ಇಪ್ಪತ್ತು ವರ್ಷದಲ್ಲಿ ನನ್ನ ಕೈ ಅದನ್ನು ಯಾವಾಗ ಕಲಿತಿತೋ.

ಆ ಸಂಕ್ರಾಂತಿ ನೆನಪಿದೆಯಾ? ಬೀದಿಯವರೆಲ್ಲ ನೋಡಲು ಬರುವ ಹೊತ್ತಿಗೆ ನಿನ್ನ ರಂಗೋಲಿ ನೀರಲ್ಲಿ ಕೊಚ್ಚಿಹೋಗಿತ್ತು. "ನಾನೇ ನಲ್ಲಿ ನಿಲ್ಸೋದು ಮರ್ತಿರ್ಬೇಕು ಕಣೆ" ಅಂತ ನೀನು ಕಣ್ಣೀರಿಟ್ಟೆ. ನಾನು ಹೂಂ ಅಂದೆ. ನನ್ನ ಸೊಂಟದ ಮೇಲಿನ ಕೊಡ ಖಾಲಿಯಾಗಿತ್ತು. ನೀನು ಅದನ್ನು ನೋಡಲೇ ಇಲ್ಲ.

ಮಲ್ಲಿಗಮ್ಮ ಹೋದ ಮೇಲೆ ಅದೇ ಕೊಡದಲ್ಲಿ ನೀರು ತಂದು ಹುಯ್ದೆ. ಒಂದಲ್ಲ, ಆರು ಕೊಡ. ಧೂಳೆಲ್ಲ ತೊಳೆದುಹೋಗಿ ನಿನ್ನ ಸುರುಳಿಗಳು ಈಗ ಇನ್ನೂ ಬೆಳ್ಳಗೆ ಕಾಣುತ್ತಿವೆ.