ಕಾಣದ ಕಣ್ಣು ತಣ್ಣಗಿದೆ ಎಂದಿತು

ಎರಡನೆಯ ಆಶ್ವಯುಜದ ಮೂವತ್ತೈದನೆಯ ದಿನ, ಇಸವಿ ೨೧೯೧

ಬಿಸಿ ನೋಡುವ ಕಣ್ಣನ್ನು ಈಗಷ್ಟೇ ಕಂಡುಹಿಡಿಯುತ್ತಿರುವ ಹಿಂದಿನ ಕಾಲದವರಿಗೆ ಹುಣಸೂರು ಸೀಮೆಯ ದೊಡ್ಡತಾಯಮ್ಮ ಬರೆಯುವುದೇನೆಂದರೆ,

ತಿಂಗಳಿಗೆ ಮೂವತ್ತೈದು ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ಕೆಟ್ಟುಹೋದ ಮಳೆಗಾಲಕ್ಕೆ ಸರಿಹೊಂದಿಸಲು ನಮ್ಮ ಹಿರಿಯರು ಪಂಚಾಂಗವನ್ನು ಎಳೆದು ಉದ್ದ ಮಾಡಿದರು. ನಾನು ಓದಿದ್ದು ಮೂರನೆಯ ಕ್ಲಾಸು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ಮನ್ನಿಸದಿದ್ದರೂ ನನ್ನ ಗಂಟೇನೂ ಹೋಗುವುದಿಲ್ಲ, ನೀವೆಲ್ಲ ಸತ್ತು ನೂರು ವರ್ಷ ದಾಟಿದೆ. ನಿಮಗೆ ಬರೆಯುತ್ತಿರುವುದೂ ಅದಕ್ಕೇ. ಬದುಕಿರುವವರ ಕಿವಿಗೆ ಹಾಕುವ ವಿಷಯವಲ್ಲ ಇದು.

ನಮ್ಮಲ್ಲಿ ಬೆಂಕಿ ಇಲ್ಲ. ನೀವು ಸುಟ್ಟು ಸುಟ್ಟು ಬಿಟ್ಟ ಹೊಗೆ ಇನ್ನೂ ನಮ್ಮ ಎದೆಯಲ್ಲಿ ಕೂತಿರುವುದರಿಂದ, ಕಡ್ಡಿ ಗೀರಿದವರನ್ನು ಊರು ಬಿಡಿಸುತ್ತಾರೆ. ಮುದ್ದೆಗೂ ಮೀಯುವ ನೀರಿಗೂ ಬಿಸಿಸುರುಳಿಯೇ ಗತಿ. ತಂತಿಯ ಸುರುಳಿ ತಾನು ಮುಟ್ಟದೆಯೇ ಒಳಗಿಟ್ಟ ಕಬ್ಬಿಣವನ್ನು ಕಾಯಿಸುತ್ತದೆ. ನಲವತ್ತು ದಾಟಿದ ಪ್ರತಿಯೊಬ್ಬರ ಸೊಂಟದಲ್ಲೂ ಗೇಣುದ್ದದ ಉಸಿರ್ಗೊಳವೆ ಇರುತ್ತದೆ. ಅದರೊಳಗೂ ಅಂಥದೇ ಒಂದು ಪುಟ್ಟ ಸುರುಳಿ. ಕಬ್ಬಿಣದ ತಗಡಿಗೆ ಸುತ್ತಿದ ಔಷಧಿಯ ಉಂಡೆಯನ್ನು ಕೊಳವೆಯ ಬಾಯಿಗೆ ತುರುಕಿದರೆ ಅದು ಕಾದು ಹಬೆಯಾಗುತ್ತದೆ, ನಾವು ಎಳೆಯುತ್ತೇವೆ. ಬಿಸಿ ಕಡಿಮೆಯಾದರೆ ಔಷಧಿ ಏಳುವುದಿಲ್ಲ, ಹೆಚ್ಚಾದರೆ ಗಂಟಲು ಬೇಯುತ್ತದೆ. ಮೊದಲು ಒಂದು ತಂತಿ ಉಂಡೆಯನ್ನು ಮುಟ್ಟಿಕೊಂಡೇ ಬಿಸಿ ಹೇಳುತ್ತಿತ್ತಂತೆ. ಅದಕ್ಕೆ ಔಷಧಿಯ ಜಿಡ್ಡು ಹತ್ತಿ ಏನೇನೋ ಹೇಳತೊಡಗಿದಾಗ, ಜಾಣರಾದ ನೀವು ರಾಗಿಕಾಳಿನಷ್ಟು ಗಾಜಿನ ಕಣ್ಣೊಂದನ್ನು ಕೂರಿಸಿದಿರಿ. ಅದು ದೂರದಿಂದಲೇ ನೋಡಿ ಸುರುಳಿಗೆ ಸಾಕು ಅನ್ನುತ್ತದೆ. ಇದೇನು ಮಹಾ? ಕಾವಲಿಯ ಮೇಲೆ ಅಂಗೈ ಹಿಡಿದು ರೊಟ್ಟಿಗೆ ಹದವಾಯಿತೋ ಇಲ್ಲವೋ ನಾನೂ ಹೇಳಬಲ್ಲೆ. ಆದರೆ ನನ್ನ ಕೈಗೆ ಬಟ್ಟೆ ಸುತ್ತಿದರೆ, ಬಟ್ಟೆ ಸುತ್ತಿದೆ ಎಂದು ನನಗೆ ಗೊತ್ತಾಗುತ್ತದೆ. ನಿಮ್ಮ ಕಣ್ಣಿಗೆ ಅಷ್ಟೂ ಬುದ್ಧಿಯಿಲ್ಲ.

ಮನೆಮನೆಯಲ್ಲೂ ದಿನಾ ಬೆಳಿಗ್ಗೆ ಹತ್ತಿಯಿಂದ ಆ ಕಣ್ಣೊರೆಸುವುದು ಸೊಸೆಯ ಪಾಲಿನ ಕೆಲಸ. ನಮ್ಮ ಮನೆಯಲ್ಲಿ ಅದನ್ನು ದೇವೀರಮ್ಮಣ್ಣಿ ಮಾಡುತ್ತಿದ್ದಳು. ಅವಳ ಸಾರಿಗೆ ಉಪ್ಪಿಲ್ಲ, ನಡಿಗೆಗೆ ಸದ್ದಿಲ್ಲ, ಬೈದರೆ ಅಳುವುದೂ ಇಲ್ಲ. ಅಂಥವಳನ್ನು ಬೈದು ಏನು ಸುಖ? ಒಂಬತ್ತು ವರ್ಷದ ಹಿಂದೆ ಆಯುಧಪೂಜೆಯ ದಿನ ನಾನು ಪಂಪು, ಕುಡುಗೋಲು, ಸುರುಳಿಒಲೆಗಳಿಗೆಲ್ಲ ಕುಂಕುಮವಿಟ್ಟು, ಕಡೆಗೆ ಯಜಮಾನರ ಕೊಳವೆಯ ಬಾಯೊಳಗೆ ಉಂಗುರದ ಬೆರಳು ತೂರಿಸಿದೆ.

"ಅತ್ತೆಮ್ಮ, ಆ ಕಣ್ಗೆ ಇಕ್ಬೇಡಿ, ಪಕ್ಕುಕ್ಕೆ ಇಕ್ಕಿ. ಅದ್ಕೆ ಕಾಣಕಿಲ್ಲ" ಎಂದಳು.

"ನಿಮ್ಮಪ್ಪನ್ ಮನೇಲಿ ಕುಡ್ಲಿಗೂ ಪೂಜೆ ಇರ್ನಿಲ್ಲ, ನಂಗೆ ಹೇಳ್ಕೊಡಕ್ ಬಂದ್ಬುಟ್ಲು" ಎಂದು, ಎಣ್ಣೆ ಕಲಸಿದ ಕುಂಕುಮವನ್ನು ಕಣ್ಣಿನ ಮೇಲೆಯೇ ದಪ್ಪಗೆ ಮೆತ್ತಿದೆ. ಪೂಜೆಯ ಕುಂಕುಮವನ್ನು ಮರುದಿನದ ಮಂಗಳಾರತಿ ಆಗುವ ತನಕ ಒರೆಸುವಂತಿಲ್ಲ. ಬೆಳಗಾದ ಕೂಡಲೇ ಅವಳು ಹತ್ತಿ ಹಿಡಿದು ಬಂದಳು. "ಯಾರ್ ಕುಂಕ್ಮ ಒರಸ್ಬೇಕು ಅಂತಿದ್ದೀಯೆ, ಮುಂಡೇದೆ?" ಎಂದು ಕೈಗೆ ಹೊಡೆದೆ. ಹತ್ತಿ ಕೆಳಗೆ ಬಿತ್ತು.

ಅಷ್ಟರಲ್ಲಿ ಯಜಮಾನರಿಗೆ ಕೆಮ್ಮು ಬಂತು, ಕೊಳವೆ ಕಚ್ಚಿದರು. ಕಣ್ಣಿಗೆ ಕಂಡದ್ದು ತಣ್ಣನೆಯ ಕುಂಕುಮ. ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಎಂದು ಅದು ಹೇಳಿತು, ಸುರುಳಿ ಕಾಯಿಸುತ್ತಲೇ ಹೋಯಿತು. ಅವರು ಒಂದೇ ಸಲ ಎಳೆದರು. ಎರಡನೆಯ ಸಲ ಎಳೆಯಲು ಗಂಟಲೇ ಉಳಿಯಲಿಲ್ಲ. ಮೂರು ದಿನ ಬದುಕಿದ್ದರು. ಮಾತು ಹೊರಡದೆ ಬೆರಳೆತ್ತಿ ನನ್ನನ್ನೇ ತೋರಿಸುತ್ತಿದ್ದರು. ಕೊನೆಗಾಲದಲ್ಲೂ ಹೆಂಡತಿಯನ್ನೇ ಕರೆಯುತ್ತಾರೆಂದು ನೆಂಟರಿಷ್ಟರು ಅತ್ತರು.

ನ್ಯಾಯ ತೀರ್ಮಾನಿಸುವ ಊರಕೂಟದವರು ಬರುವ ಮೊದಲೇ ನಾನು ಸೆರಗಿನ ತುದಿಯಿಂದ ಕಣ್ಣನ್ನು ಒರೆಸಿಟ್ಟೆ. ದೇವೀರಿ ಕುಂಕುಮದ ಮಾತೆತ್ತಿದಳು. ಅವರು ಬಗ್ಗಿ ನೋಡಿದರು, ಗಾಜು ಫಳಫಳ ಹೊಳೆಯುತ್ತಿತ್ತು. "ಹೊಳೀದೇ ಏನು? ವಾರದಿಂದ ಜಿಡ್ಡು ಕಟ್ಟಿತ್ತು. ಹೆದ್ರಿ ಈಗ ಒರಸ್ಬುಟ್ಟವ್ಳೆ" ಎಂದೆ. ಗಂಡ ಸತ್ತವಳ ಸೆರಗು ಹಿಡಿದು ನೋಡುವುದು ಮರ್ಯಾದೆಯಲ್ಲ, ಹಾಗಾಗಿ ಯಾರೂ ನೋಡಲಿಲ್ಲ. ದೇವೀರಿ ಮಾತ್ರ ನೋಡಿದಳು. ಮತ್ತೆ ಬಾಯಿ ಬಿಡಲಿಲ್ಲ.

ಕಣ್ಣೊರೆಸದೆ ಇನ್ನೊಬ್ಬರ ಜೀವ ಕಳೆದವರಿಗೆ ನಮ್ಮಲ್ಲಿ ತಣ್ಣನೆಯ ಶಿಕ್ಷೆ. ಸುರುಳಿ ಮುಟ್ಟುವಂತಿಲ್ಲ, ಯಾರೂ ಬಿಸಿಯಾದದ್ದನ್ನು ಕೊಡುವಂತಿಲ್ಲ. ಒಂಬತ್ತು ವರ್ಷದಿಂದ ಅವಳು ಎದುರಿನ ಕೊಟ್ಟಿಗೆಯಲ್ಲಿ ನೆನೆಸಿದ ಕಾಳು ತಿಂದು, ಮಾಗಿಯ ಚಳಿಯಲ್ಲೂ ತಣ್ಣೀರು ಹೊಯ್ದುಕೊಂಡು ಬದುಕಿದ್ದಾಳೆ. ಹೋದ ವರ್ಷ ಬೆರಳುಗಳು ಸೆಟೆದುಕೊಂಡವು, ಈಗ ಕಾಳನ್ನೂ ಬಾಗಿ ಬಾಯಿಂದಲೇ ಎತ್ತಿಕೊಳ್ಳುತ್ತಾಳೆ. ನನ್ನ ಮಗ ಬೇರೆ ಮದುವೆಗೆ ಒಪ್ಪದೆ, ಸಂಜೆಯಾದರೆ ಜಗಲಿಯ ಮೇಲೆ ಕೂತು ಆ ಕೊಟ್ಟಿಗೆಯನ್ನೇ ನೋಡುತ್ತಾನೆ. ನಾನು ಬೇಕೆಂದೇ ಅದೇ ಹೊತ್ತಿಗೆ ಅಂಗಳದಲ್ಲಿ ಹುರುಳಿ ಬಸ್ಸಾರು ಕುದಿಸುತ್ತೇನೆ. ಗಾಳಿ ಆ ಕಡೆಗೇ ಬೀಸುತ್ತದೆ.

ನಾಳೆ ಊರಕೂಟ ಸೇರುತ್ತದೆ. ಒಂಬತ್ತು ವರ್ಷ ತುಂಬಿದ ಮೇಲೆ ಸತ್ತವರ ಮನೆಯವರನ್ನು ಒಂದೇ ಮಾತು ಕೇಳುವುದು ಪದ್ಧತಿ: ಹೊಟ್ಟೆಯ ಉರಿ ಆರಿತೇ? ಆರಿತು ಎಂದರೆ ದೇವೀರಿ ನಾಳೆ ರಾತ್ರಿಯೇ ಬಿಸಿ ಮುದ್ದೆ ಉಣ್ಣುತ್ತಾಳೆ. ಆರಿಲ್ಲ ಎಂದರೆ ಸಾಯುವ ತನಕ ತಣ್ಣನೆಯದೇ. ಕೇಳುವುದು ನನ್ನನ್ನು. ಅವಳು ಒಳಗೆ ಬಂದರೆ ನನ್ನ ಮಗನ ಪಕ್ಕ ಕೂರುತ್ತಾಳೆ, ನನ್ನ ಸೆರಗನ್ನು ನೋಡುತ್ತಾಳೆ. ಒಂದಲ್ಲ ಒಂದು ದಿನ ಬಾಯಿಯನ್ನೂ ಬಿಡುತ್ತಾಳೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ಕೈಯಲ್ಲಿ ಆ ಕಣ್ಣು ಇನ್ನೂ ಹಸಿಮಣ್ಣಿನಂತಿದೆ. ಎದುರಿಗೆ ಏನಾದರೂ ಅಡ್ಡ ಬಂದಾಗ ತಣ್ಣಗಿದೆ ಎನ್ನುವ ಬದಲು, ನನಗೆ ಕಾಣುತ್ತಿಲ್ಲ ಎಂದು ಹೇಳಿ ಸುರುಳಿಯನ್ನು ಆರಿಸುವುದನ್ನು ಅದಕ್ಕೆ ಕಲಿಸಿ. ನೀವು ಕಲಿಸಿದ್ದರೆ ಯಜಮಾನರು ಕೆಮ್ಮಿಕೊಂಡು ಇರುತ್ತಿದ್ದರು, ದೇವೀರಿ ಉಪ್ಪಿಲ್ಲದ ಸಾರು ಮಾಡಿಕೊಂಡು ನನ್ನ ಬಾಯಿಗೆ ಸಿಗುತ್ತಿದ್ದಳು. ನಾಳೆ ಬೆಳಿಗ್ಗೆ ಕೂಟಕ್ಕೆ ಹೊರಡುವ ತನಕ ಕಾದು ನೋಡುತ್ತೇನೆ. ಅಷ್ಟರೊಳಗೆ ಯಜಮಾನರು ಪಡಸಾಲೆಯಲ್ಲಿ ಕೆಮ್ಮಿದ ಸದ್ದು ಕೇಳಿಸಿದರೆ, ನೀವು ಕಲಿಸಿದಿರಿ ಎಂದುಕೊಳ್ಳುತ್ತೇನೆ.

ಕೇಳಿಸದಿದ್ದರೆ, ಆರಿಲ್ಲ ಎಂದೇ ಹೇಳುತ್ತೇನೆ. ಆ ಪಾಪ ನಿಮಗಿರಲಿ.

ಇಂತಿ,
ದೊಡ್ಡತಾಯಮ್ಮ